ಕಲ್ಲು ಚಪ್ಪಡಿಯ ಕೆಳಗೆ ತಂಪು ಯಂತ್ರ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಬೇಸಗೆಯನ್ನು ತಮ್ಮಲ್ಲಿ ಅನೇಕರು ಅನುಭವಿಸಿ ಬಲ್ಲಿರಿ. ಅದರಲ್ಲಿಯೂ ಮಧುಗಿರಿಯ ಬಿಸಿಲಿಗೆ ಒಂದು ವಿಶೇಷವುಂಟು. ಊರಿನ ಬೆನ್ನಿಗೆ ನಿಂತಿರುವ ಏಕಶಿಲಾ ಬೆಟ್ಟವು ಹಗಲೆಲ್ಲ ಕಾದು, ಸೂರ್ಯಾಸ್ತವಾದ ಬಳಿಕವೂ ಆ ಕಾವನ್ನು ಬಿಡುತ್ತಲೇ ಇರುತ್ತದೆ. ಕಲ್ಲು ಚಪ್ಪಡಿ ಹೊದಿಸಿದ ನಮ್ಮ ಹಳೆಯ ಮನೆಗಳ ಸ್ವಭಾವವೂ ಇದೇ. ಕಲ್ಲಿನ ಮನೆ ತಂಪೆಂದು ಹೇಳುವವರು ಗೋಡೆಯನ್ನು ನೋಡಿ ಹೇಳುತ್ತಾರೆ. ಎರಡಡಿ ದಪ್ಪದ ಗೋಡೆ ತಂಪು ನಿಜ. ಆದರೆ ನೆತ್ತಿಯ ಮೇಲಿನ ಚಪ್ಪಡಿಯ ದಪ್ಪ ನಾಲ್ಕು ಅಂಗುಲ ಮಾತ್ರ. ಮಧ್ಯಾಹ್ನದ ಬಿಸಿಲು ಸಂಜೆಯ ಹೊತ್ತಿಗೆ ಅದನ್ನು ದಾಟಿ ಒಳಗಿಳಿದಿರುತ್ತದೆ.

ಕೆಲವು ವರ್ಷಗಳ ಹಿಂದೆ ಮಧುಗಿರಿಯ ಹಿರಿಯರೊಬ್ಬರ ಇಂತಹ ಮನೆಯನ್ನು ಅವರ ಮಕ್ಕಳು ವಿದ್ಯಾರ್ಥಿಗಳ ವಾಚನಾಲಯಕ್ಕೆಂದು ಬಿಟ್ಟುಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ನಲವತ್ತು ಮಕ್ಕಳು ಅಲ್ಲಿ ಕೂಡುತ್ತಿದ್ದರು. ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕುವುದನ್ನು ಕಂಡ ದಾನಿಗಳು ಹವಾನಿಯಂತ್ರಕ್ಕೆ ಹಣ ಕೂಡಿಸಿ, ಕಟ್ಟಡದ ಕೆಲಸದಲ್ಲಿ ಆಯುಷ್ಯ ಸವೆಸಿದ ನನಗೆ ಮೇಲ್ವಿಚಾರಣೆಯನ್ನು ವಹಿಸಿದರು. ಕೋಣೆ 10 ಅಡಿ ಅಗಲ, 26 ಅಡಿ ಉದ್ದ. ಎರಡೂ ಗೋಡೆಗಳಿಗೆ ಪುಸ್ತಕದ ಬೀರುಗಳಿದ್ದುದರಿಂದ ಗೋಡೆಗೆ ಕೂರಿಸುವ ಯಂತ್ರ ಹಿಡಿಸದು. ಸೂರಿನಿಂದ ತೂಗಿ, ನಾಲ್ಕು ದಿಕ್ಕಿಗೂ ಗಾಳಿ ಬಿಡುವ 'ಕ್ಯಾಸೆಟ್' ಮಾದರಿಯೇ ಸರಿಯೆಂದು ತೀರ್ಮಾನವಾಯಿತು.

ಇಲ್ಲೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. 1902ರಲ್ಲಿ ಅಮೆರಿಕೆಯ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಇಂತಹ ಯಂತ್ರವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ತಪ್ಪುತ್ತಿದ್ದುದನ್ನು ಸರಿಪಡಿಸಲು. ಯಂತ್ರದ ಶಕ್ತಿಯನ್ನು 'ಟನ್' ಲೆಕ್ಕದಲ್ಲಿ ಹೇಳುವುದೂ ಅದರ ತೂಕವನ್ನಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವೇ ಒಂದು ಟನ್. ನಮ್ಮ ಕೋಣೆಗೆ ಎರಡು ಟನ್ ಬೇಕಾಯಿತು. ಅದೂ ಮೇಲ್ಛಾವಣಿಗೆ ದಪ್ಪನಾಗಿ ಸುಣ್ಣ ಬಳಿಸಿದ ಮೇಲೆ. ಸುಣ್ಣದ ಖರ್ಚು ಕೆಲವು ನೂರು ರೂಪಾಯಿ; ಅದನ್ನು ಮಾಡದೆ ಯಂತ್ರ ತರುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ.

ಕೂರಿಸಲು ಬಂದವನು ಶಿರಾ ಕಡೆಯ ಹುಡುಗ, ಕೆಲಸದಲ್ಲಿ ಚುರುಕು. ಸೂರಿಗೆ ನಾಲ್ಕು ತೂತು ಕೊರೆದು, ಆಣಿ ಬಿಗಿದು, ಸರಳುಗಳಿಂದ ಯಂತ್ರವನ್ನು ತೂಗಿಬಿಡುವುದು ಅವನಿಗೆ ರೂಢಿ. ಕಾಂಕ್ರೀಟಿನ ಸೂರಿಗೆ ಅದು ಸರಿಯಾದ ಕ್ರಮವೇ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಎರಡು ಗೋಡೆಗಳ ಮೇಲೆ ಮಲಗಿದ ಯಾವುದೇ ಚಪ್ಪಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲಿನ ಮುಖ ಒತ್ತಲ್ಪಡುತ್ತದೆ, ಕೆಳಗಿನ ಮುಖ ಎಳೆಯಲ್ಪಡುತ್ತದೆ. ಕಲ್ಲು ಒತ್ತನ್ನು ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳದು. ಕಾಂಕ್ರೀಟಿನಲ್ಲಿ ಆ ಎಳೆತವನ್ನು ಹೊರಲು ಕೆಳಭಾಗದಲ್ಲಿ ಕಬ್ಬಿಣದ ಸರಳುಗಳಿರುತ್ತವೆ. ಚಪ್ಪಡಿಯಲ್ಲಿ ಏನಿದೆ? ಯಂತ್ರದ ತೂಕ ಮೂವತ್ತು ಕಿಲೋ ಆಸುಪಾಸು, ಅದು ದೊಡ್ಡದಲ್ಲ. ಡ್ರಿಲ್ಲಿನ ಹೊಡೆತ, ತೂತು, ದಿನವೂ ಬಿಡದ ಅದುರು, ಇವೇ ಭಯದ ಸಂಗತಿಗಳು. ಕೆಳಗೆ ಕೂರುವವರೋ ಮಕ್ಕಳು.

ಕೊರಟಗೆರೆ ಕಡೆಯ ವೃದ್ಧ ಕಲ್ಲುಕೆಲಸದವರೊಬ್ಬರನ್ನು ಕರೆಸಿದೆವು. ಅವರು ಏಣಿ ಏರಿ ಸಣ್ಣ ಸುತ್ತಿಗೆಯಿಂದ ಒಂದೊಂದೇ ಚಪ್ಪಡಿಯನ್ನು ತಟ್ಟುತ್ತ ಹೋದರು. ಗಂಟೆಯಂತೆ ಕಣ್ ಎನ್ನುತ್ತಿದ್ದ ನಾದವು ಆರನೆಯ ಚಪ್ಪಡಿಗೆ ಬಂದಾಗ ಮಡಕೆ ಒಡೆದಂತೆ ಮಂಕಾಯಿತು. ಸುಣ್ಣ ಕೆರೆದು ನೋಡಿದರೆ ಕೂದಲೆಳೆಯಂತಹ ಬಿರುಕು. ಹುಡುಗ ತೂತಿಗೆ ಗುರುತು ಹಾಕಿದ್ದ ಚಪ್ಪಡಿ ಅದೇ.

"ತಾತ, ಇದು ಎಷ್ಟು ದಿನದಿಂದ ಹಿಂಗೈತೆ?" ಎಂದು ಅವನು ಕೇಳಿದ.

"ನಿನಗಿಂತ ಹಳೇದು ಕಣಪ್ಪ. ಸುಮ್ಕಿದ್ದಿದ್ದಕ್ಕೆ ಇದ್ದಂಗೈತೆ," ಎಂದರು ಅವರು.

ಅಂದೇ ಬಾಗಿಲಿಗೆ ಬೀಗ ಹಾಕಿಸಿದೆವು. ಪರೀಕ್ಷೆ ಹತ್ತಿರವಿತ್ತು, ಮಕ್ಕಳು ಗೊಣಗಿದರು, ದಾನಿಗಳಲ್ಲಿ ಒಬ್ಬರು ಮುನಿದರು ಕೂಡ. ಆ ಚಪ್ಪಡಿಯನ್ನು ಮೇಲಿನಿಂದ ಬಿಡಿಸಿ ಬೇರೊಂದನ್ನು ಹೊದಿಸಲು ಹನ್ನೆರಡು ದಿನ ಹಿಡಿಯಿತು. ಅನಂತರ ಗೋಡೆಯಿಂದ ಗೋಡೆಗೆ ಎರಡು ಕಬ್ಬಿಣದ ತೊಲೆಗಳನ್ನು, ಚಪ್ಪಡಿಗೆ ಎಲ್ಲಿಯೂ ತಗುಲದಂತೆ ಎರಡು ಬೆರಳಿನ ಸಂದು ಬಿಟ್ಟು ಕೂರಿಸಿದೆವು. ತೊಲೆಯ ತುದಿಗಳಿಗೆ ಗೋಡೆಯಲ್ಲಿ ಕಾಂಕ್ರೀಟಿನ ದಿಂಬು. ಸರಳು ತೊಲೆಯನ್ನು ಸೇರುವಲ್ಲಿ ಅದುರನ್ನು ತಡೆಯಲು ರಬ್ಬರು. ಅಂದಕ್ಕಾಗಿ ಕೆಳಗೆ ಹುಸಿಸೂರು ಕಟ್ಟಬೇಕೆಂದರು, ನಾನು ಒಪ್ಪಲಿಲ್ಲ. ಚಪ್ಪಡಿ ಸದಾ ಕಣ್ಣಿಗೆ ಕಾಣುತ್ತಿರಬೇಕು.

ಯಂತ್ರ ಗಾಳಿಯಿಂದ ಹಿಂಡಿದ ನೀರು ಅದರೊಳಗಿನ ತಟ್ಟೆಗೆ ಬೀಳುತ್ತದೆ. ಪುಟ್ಟ ಪಂಪು ಅದನ್ನು ಮೇಲೆತ್ತುತ್ತದೆ. ಅಲ್ಲಿಂದಾಚೆಗೆ ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಬೇಕು, ಇಲ್ಲವಾದರೆ ಪುಸ್ತಕಗಳ ಮೇಲೆ ಸೋರುತ್ತದೆ. ಏಪ್ರಿಲ್ಲಿನ ಒಣಗಾಳಿಯಲ್ಲಿ ನೀರು ಹೆಚ್ಚು ಬಾರದು, ಮುಂಗಾರು ಬಿದ್ದ ಮೇಲೆ ಬಕೆಟ್ಟು ತುಂಬುತ್ತದೆ. ಕುಡಿಯಲು ಸಲ್ಲದು, ಹಿತ್ತಿಲ ಹೊಂಗೆ ಸಸಿಗೆ ಹಾಕುತ್ತಾರೆ.

ವಿದ್ಯುತ್ತಿನ ಚಿಂತೆಯೇಕೆ, ಪಾವಗಡ ಪಕ್ಕದಲ್ಲೇ ಇದೆಯಲ್ಲ ಎಂದು ತಾವು ಕೇಳಬಹುದು. ನಿಜ, ಕಡಲೆಕಾಯಿ ಬಳ್ಳಿಯನ್ನು ಒಣಗಿಸುತ್ತಿದ್ದ ಬಿಸಿಲಿನಿಂದಲೇ ಅಲ್ಲಿ ವಿದ್ಯುತ್ತು ಹುಟ್ಟುತ್ತಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ, 2019ರ ಕೊನೆಗೆ 2,050 ಮೆಗಾವ್ಯಾಟಿನ ಸೌರ ಉದ್ಯಾನ ಪೂರ್ಣಗೊಂಡಿತು. ಆದರೆ ಅದು ದುಡಿಯುವುದು ಹಗಲಿನಲ್ಲಿ. ನಮ್ಮ ಮಕ್ಕಳು ಹೆಚ್ಚಾಗಿ ಓದುವುದು ದೀಪ ಹಚ್ಚಿದ ಮೇಲೆ. 2020ರ ಜನವರಿಯಿಂದ ಹೊಸ ಯಂತ್ರಗಳು ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮವಿದೆ. ವಾಚನಾಲಯದವರು ಅದನ್ನು 26ಕ್ಕೆ ಏರಿಸಿ, ಪಂಖವನ್ನೂ ಮೆಲ್ಲಗೆ ತಿರುಗಿಸುತ್ತಾರೆ. ರಿಮೋಟು ಬೀರುವಿನ ಬೀಗದ ಕೈಯೊಡನೆ ಅವರ ಜೇಬಿನಲ್ಲಿಯೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಜಾಲರಿಯ ಧೂಳು ತೊಳೆಯುವುದು ಹುಡುಗರ ಸರದಿ. ವರ್ಷಕ್ಕೊಮ್ಮೆ ಆ ವೃದ್ಧರು ಸುತ್ತಿಗೆ ಹಿಡಿದು ಬರುತ್ತಾರೆ.