ಕೂದಲು ಮಲಗುವ ದಿಕ್ಕು

ಈ ಸಲದ ತೇರಿನ ದಿನ ಬೆಳಿಗ್ಗೆ ನನ್ನ ತಂಗಿಯ ಮಗ ಬಚ್ಚಲಿಂದ ಹೊರಗೆ ಬಂದಾಗ ಅವನ ಕುತ್ತಿಗೆಯ ತುಂಬ ಕೆಂಪು ಗಂಧೆ ಎದ್ದಿತ್ತು. ದಾವಣಗೆರೆಯಲ್ಲಿ ಓದುವ ಹುಡುಗ. ಗೆಳೆಯರ ಜೊತೆ ಪಾದಯಾತ್ರೆ ಕಟ್ಟಿಕೊಂಡು ಕೊಟ್ಟೂರಿಗೆ ನಡೆದೇ ಬಂದಿದ್ದ. ಶಿವರಾತ್ರಿ ಇನ್ನೂ ಮುಂದಿರುವಾಗಲೇ ನಮ್ಮ ಕಡೆ ಬಿಸಿಲು ಚುರುಗುಟ್ಟಲು ಶುರುವಾಗಿರುತ್ತದೆ. ದಾರಿಯ ಧೂಳು, ಬೆವರಿನ ಉಪ್ಪು, ಮೂರು ದಿನದ ಗಡ್ಡ. ಸಂಜೆ ಮೂಲಾ ನಕ್ಷತ್ರ ಕೂಡಿದ ಹೊತ್ತಿಗೆ ಗುರು ಕೊಟ್ಟೂರೇಶ್ವರನ ತೇರು ಹೊರಡುತ್ತದೆ, ಅಷ್ಟರೊಳಗೆ ಮುಖ ಚೊಕ್ಕ ಇರಲಿ ಎಂದು ನಮ್ಮಪ್ಪನ ಹಳೆಯ ಸೇಫ್ಟಿ ರೇಜರ್ ಹುಡುಕಿ ತೆಗೆದು, ಮೈಸೋಪನ್ನೇ ಗಲ್ಲಕ್ಕೆ ತಿಕ್ಕಿ, ಗಂಟಲಿಂದ ಗದ್ದದ ಕಡೆ ಮೇಲ್ಮುಖವಾಗಿ ಎಳೆದುಬಿಟ್ಟಿದ್ದ. ಮೇಲೆ ಘಮಘಮಿಸುವ ಲೋಷನ್ನು ಬಡಿದುಕೊಂಡಿದ್ದ.

"ಉರಿ ಐತೇನಲೇ?" ಎಂದೆ.

"ಗಡ್ಡ ಮಾಡ್ಕೊಂಡ್ರೆ ಉರಿಯೋದ ಅಲ್ಲೇನು ಮಾವ," ಎಂದ.

ಅವನ ಕುತ್ತಿಗೆಗಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಹತ್ತೊಂಬತ್ತು ವರ್ಷದ ಹುಡುಗ, ಉರಿಯುವುದೇ ರೂಢಿ ಎಂದು ಒಪ್ಪಿಕೊಂಡುಬಿಟ್ಟಿದ್ದಾನೆ. ಅವನೊಬ್ಬನೇ ಅಲ್ಲ. ಲೋಷನ್ನು ಚುರ್ ಎಂದರೇ ಗಡ್ಡ ನುಣ್ಣಗಾಯಿತು ಎಂದು ನಂಬಿದ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಹುಡುಗರಿಗೆ ಸೈಕಲ್ ಕಲಿಸುತ್ತೇವೆ, ಈಜು ಕಲಿಸುತ್ತೇವೆ, ಹೊಲದಲ್ಲಿ ಕುಂಟೆ ಹಿಡಿಯುವುದನ್ನು ಕಲಿಸುತ್ತೇವೆ. ಇಡೀ ಆಯುಷ್ಯ ವಾರಕ್ಕೆ ಎರಡು ಮೂರು ಸಲ ಮುಖಕ್ಕೆ ಉಕ್ಕಿನ ಅಲಗು ತಾಗಿಸುವುದನ್ನು ಮಾತ್ರ ಯಾರೂ ಕೂಡಿಸಿಕೊಂಡು ಹೇಳಿಕೊಡುವುದಿಲ್ಲ.

ನನಗೆ ಹೇಳಿಕೊಟ್ಟಿದ್ದು ಅಪ್ಪ, ಅದೂ ಪೆಟ್ಟು ತಿಂದ ಮೇಲೆ. ಹಿತ್ತಲ ಬೇವಿನ ಮರಕ್ಕೆ ಒಂದು ಮೊಳೆ ಹೊಡೆದು ಅಪ್ಪ ಕನ್ನಡಿ ತೂಗುಹಾಕುತ್ತಿದ್ದ. ಹಂಡೆಯಿಂದ ಒಂದು ತಂಬಿಗೆ ಬಿಸಿನೀರು, ಅಂಚು ಸೀಳಿದ ಒಂದು ಬಟ್ಟಲು, ಕೂದಲು ಅರ್ಧ ಉದುರಿದ ಬ್ರಷ್ಷು. ಆ ರೇಜರ್ ಮೂರು ತುಂಡಿನದು: ಹಿಡಿಕೆ, ಹಲ್ಲಿನಂಥ ಅಂಚಿರುವ ತಳದ ಪಟ್ಟಿ, ಮೇಲೆ ಬಾಗಿದ ಮುಚ್ಚಳ. ಹೊಳಪು ಸವೆದು ಹಿಡಿಕೆಯ ಮೇಲೆ ಹಿತ್ತಾಳೆ ಕಾಣುತ್ತಿತ್ತು. ಸೆವೆನ್ ಓ ಕ್ಲಾಕ್ ಇಲ್ಲವೇ ಟೋಪಾಜ್ ಬ್ಲೇಡನ್ನು ಎಣ್ಣೆಕಾಗದದಿಂದ ಬಿಡಿಸಿ, ಅಲಗು ಮುಟ್ಟದೆ ಎರಡು ತುದಿ ಹಿಡಿದು, ಮುಚ್ಚಳದ ಮೊಳೆಗಳಿಗೆ ಕೂಡಿಸುತ್ತಿದ್ದ. ಹಿಡಿಕೆ ತಿರುಗಿಸಿದ ಹಾಗೆ ಆ ತೆಳು ಹಾಳೆ ಬಿಲ್ಲಿನಂತೆ ಬಾಗುತ್ತಿತ್ತು. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಬಾಗಿಸಿ ಬಿಗಿ ಮಾಡಿದ್ದರಿಂದಲೇ ಅದು ಗಲ್ಲದ ಮೇಲೆ ನಡುಗದೆ ಹೋಗುತ್ತದೆ. ಅರ್ಧಂಬರ್ಧ ಬಿಗಿ ಮಾಡಿದರೆ ಅಲಗು ಅದುರುತ್ತದೆ, ಅದುರುವ ಅಲಗು ತೊಗಲನ್ನು ಕೆರೆಯುತ್ತದೆ.

ಅಪ್ಪ ಊರಲ್ಲಿಲ್ಲದ ಒಂದು ದಿನ ನಾನೂ ಅದನ್ನು ತೆಗೆದುಕೊಂಡೆ. ತಣ್ಣೀರು, ನೊರೆ ಕಾಣದ ಸೋಪು, ಕೈಯಲ್ಲಿ ವಿಪರೀತ ಜೋರು. ರಕ್ತ ಬರಲಿಲ್ಲ, ಆದರೆ ಎರಡು ದಿನ ಅಂಗಿಯ ಕಾಲರು ತಾಗಿದರೂ ಜೀವ ಹೋಗುತ್ತಿತ್ತು. ಅಪ್ಪ ಬಂದವನು ನೋಡಿ ಬೈಯಲಿಲ್ಲ. "ಗಡ್ಡಕ್ಕ ಮೊದ್ಲು ನೀರು ಕುಡಸಬೇಕಪಾ. ಅರ್ಧ ಕೆಲಸ ನೀರಽ ಮಾಡ್ತೈತಿ," ಎಂದ.

ನಲವತ್ತು ವರ್ಷ ಗಡ್ಡ ಮಾಡಿಕೊಂಡ ಮೇಲೆ ಹೇಳುತ್ತೇನೆ, ಆ ಮಾತಿಗಿಂತ ದೊಡ್ಡ ಮಾತನ್ನು ಈ ವಿಷಯದಲ್ಲಿ ನಾನು ಕೇಳಿಲ್ಲ. ಒಣಗಿದ ಗಡ್ಡದ ಕೂದಲು ತಂತಿಯ ಹಾಗೆ ಸೆಟೆದಿರುತ್ತದೆ. ಬೆಚ್ಚನೆ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಅದೇ ಕೂದಲು ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಅಲಗು ಎಳೆದಾಡದೆ ಕತ್ತರಿಸಿಕೊಂಡು ಹೋಗುತ್ತದೆ. ಆದ್ದರಿಂದ ಸ್ನಾನದ ಮೇಲೆ ಗಡ್ಡ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲವೆಂದರೆ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿ ಹಿಡಿದರೂ ಆಗುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ನೀರಿನದೇ ಒಂದು ಕಷ್ಟ ಇದೆ. ಕೊಟ್ಟೂರು, ಕೂಡ್ಲಿಗಿ ಕಡೆ ಬೋರಿನ ನೀರು ಬಹಳ ಕಡೆ ಸವಳು. ಸವಳು ನೀರಿಗೆ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ. ಅದರಲ್ಲಿ ಕರಗಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬೂದು ಬಣ್ಣದ ಜಿಗುಟಾಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತುವ ಆ ಜಿಗುಟೇ ಗಲ್ಲದ ಮೇಲೂ ಕೂರುತ್ತದೆ. ನೊರೆ ತೆಳುವಾದ ಕಡೆ ಅಲಗಿಗೂ ತೊಗಲಿಗೂ ನಡುವೆ ಏನೂ ಇರುವುದಿಲ್ಲ. ಹೀಗಾಗಿ ಕುಡಿಯಲು ತರುವ ಫಿಲ್ಟರ್ ನೀರಿನ ಕ್ಯಾನಿನಿಂದ ಒಂದು ಲೋಟ ಎತ್ತಿಟ್ಟುಕೊಂಡು, ಅದನ್ನೇ ಬೆಚ್ಚಗೆ ಮಾಡಿ, ಬ್ರಷ್ಷಿನಲ್ಲಿ ನೊರೆ ಕಲಸುವುದು ನನ್ನ ರೂಢಿ. ಒಂದು ಲೋಟ ಸಿಹಿನೀರು ನೊರೆಯನ್ನು ಮೊಸರಿನ ಹಾಗೆ ಗಟ್ಟಿ ಮಾಡುತ್ತದೆ. ಮನೆಯವರು ಮೊದಮೊದಲು ಬೇಡವೆಂದರು. ಈಗ ಅವರೇ ಲೋಟ ತುಂಬಿ ಇಡುತ್ತಾರೆ.

ತೇರಿನ ದಿನ ಅಳಿಯನಿಗೆ ಇದನ್ನೆಲ್ಲ ಹೇಳುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು. ತಣ್ಣೀರ ಬಟ್ಟೆ ಒತ್ತಿಸಿದೆ, ಹಿತ್ತಲ ಲೋಳೆಸರ ಸೀಳಿ ತಿರುಳು ಸವರಿಸಿದೆ. "ಲೋಷನ್ನಿನ ಬಾಟ್ಲಿ ಮುಟ್ಟಬ್ಯಾಡ, ಉರಿ ಇಳಿಯೋತನಕ ರೇಜರ್ ಹಿಡೀಬ್ಯಾಡ," ಎಂದೆ. ಹುಡುಗ ಹೂಂ ಎಂದು ಜನರ ನಡುವೆ ಮಾಯವಾದ.

ಬುಧವಾರ ಅವನನ್ನು ಕಟಿಂಗ್ ಶಾಪಿಗೆ ಕರೆದುಕೊಂಡು ಹೋದೆ. ಮಂಗಳವಾರ ನಮ್ಮಲ್ಲಿ ಕಟಿಂಗ್ ಶಾಪುಗಳು ಬಾಗಿಲು ಹಾಕಿರುತ್ತವೆ. ಸೋಮವಾರ ಶಿವನ ವಾರವೆಂದು ಗಡ್ಡಕ್ಕೆ ಕತ್ತಿ ತಾಗಿಸದವರು ಬಹಳ ಮಂದಿ. ನಮ್ಮಪ್ಪನೂ ಹಾಗೇ. ಭಾನುವಾರ ಮಾಡಿಕೊಂಡರೆ ಮತ್ತೆ ಬುಧವಾರವೇ. ಅದು ದೇವರ ಲೆಕ್ಕ, ನಾನು ಪಾಲಿಸುವುದೂ ಅದೇ ಭಕ್ತಿಯಿಂದ. ಆ ಎರಡು ದಿನದಲ್ಲಿ ತೊಗಲಿಗೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹೊಸದಾಗಿ ಕಲಿಯುವವನಂತೂ ದಿನ ಬಿಟ್ಟು ದಿನ ಮಾಡಿಕೊಂಡರೆ ಸಾಕು.

ನಾನು ಹೋಗುವ ಅಂಗಡಿಯಲ್ಲಿ ಕನ್ನಡಿಯ ಮೇಲೆ ಹಡಪದ ಅಪ್ಪಣ್ಣನವರ ಪಟ ಇದೆ. ಕೆಲಸ ಶುರು ಮಾಡುವ ಮುಂಚೆ ಅದಕ್ಕೆ ಕೈ ಮುಗಿದೇ ಹಿರಿಯರು ಕತ್ತರಿ ಹಿಡಿಯುವುದು. ಬಸವಣ್ಣನವರಿಗೆ ಅತ್ಯಂತ ಹತ್ತಿರದವರಾಗಿದ್ದ ಆ ಶರಣರನ್ನು ಈ ಕಾಯಕದವರು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಅಪ್ಪಣ್ಣನವರ ಹೆಂಡತಿ ಲಿಂಗಮ್ಮನವರೂ ವಚನ ಬರೆದವರು. ಇಷ್ಟು ಹಳೆಯ ಬೇರಿರುವ ಕೈಕಸುಬನ್ನು ನಾವು ಇಪ್ಪತ್ತು ನಿಮಿಷದ ಕೆಲಸವೆಂದು ನೋಡುತ್ತೇವೆ, ಅದರಲ್ಲಿರುವ ಅರಿವನ್ನು ಕೇಳುವುದೇ ಇಲ್ಲ.

ಅಂಗಡಿಯ ಹಿರಿಯರು ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ಕತ್ತಿ ಮುಟ್ಟದೆ, ಬರೀ ಒಣಗಿದ ಬೆರಳಿನ ತುದಿಗಳನ್ನು ಅವನ ಗಲ್ಲದ ಮೇಲೆ ಆಡಿಸಿದರು. ಕಿವಿಯಿಂದ ಕೆಳಕ್ಕೆ ಸವರಿದಾಗ ಬೆರಳು ಜಾರಿತು. ಮೇಲಕ್ಕೆ ಸವರಿದಾಗ ತಡೆಯಿತು. ಗಂಟಲ ಹತ್ತಿರ ಬಂದಾಗ ನಿಂತರು. ಎಡಗಡೆ ಕೂದಲು ಕೆಳಗಿನಿಂದ ಮೇಲಕ್ಕೆ ಮಲಗಿತ್ತು. ಬಲಗಡೆ ಕಿವಿಯ ಕಡೆಗೆ ಅಡ್ಡ ಮಲಗಿತ್ತು. ಗದ್ದದ ಕೆಳಗೆ ಒಂದು ಸಣ್ಣ ಸುಳಿ.

"ನೋಡ್ರಿ ಇಲ್ಲಿ," ಎಂದು ನನ್ನ ಬೆರಳನ್ನೂ ಅಲ್ಲಿ ಇರಿಸಿದರು. ಆಮೇಲೆ ಹುಡುಗನಿಗೆ, "ತಮ್ಮಾ, ಕೂದ್ಲು ಯಾವ ಕಡಿ ಮಲಗೈತಿ ನೋಡು, ಆ ಕಡೀನ ಹೋಗು. ಉಲ್ಟಾ ಹೊಡೀಬ್ಯಾಡ. ಹೊಲದಾಗ ಬೆಳಿ ಗಾಳಿಗೆ ಎತ್ತ ಬಾಗೈತಿ ಅಂತ ನೋಡಾಕಿಲ್ಲೇನು? ಹಂಗ," ಎಂದರು.

ಅಳಿಯನ ಕುತ್ತಿಗೆಯ ಗಂಧೆಗೆ ಅರ್ಧ ಕಾರಣ ಆಗ ತಿಳಿಯಿತು. ಎಡಗಡೆ ಅಷ್ಟಾಗಿ ಆಗಿರಲಿಲ್ಲ, ಅಲ್ಲಿ ಅವನ ಎಳೆತವೂ ಕೂದಲಿನ ಓಟವೂ ಒಂದೇ ದಿಕ್ಕು. ಬಲಗಡೆ ಮಾತ್ರ ಗುಳ್ಳೆ ಕಟ್ಟಿದ್ದವು. ಎದುರು ಇಲ್ಲವೇ ಅಡ್ಡ ಎಳೆದಾಗ ಅಲಗು ಕೂದಲನ್ನು ಮೊದಲು ಎತ್ತಿ ಎಳೆಯುತ್ತದೆ, ಆಮೇಲೆ ಕತ್ತರಿಸುತ್ತದೆ. ಕತ್ತರಿಸಿ ಉಳಿದ ಬುಡ ಹಿಂದಕ್ಕೆ ಸರಿದು ತೊಗಲಿನ ಮಟ್ಟಕ್ಕಿಂತ ಒಳಗೆ ಹೋಗುತ್ತದೆ. ಗುಂಗುರು ಕೂದಲಾದರೆ ಅದರ ಚೂಪು ತುದಿ ಹೊರಗೆ ಬರಲು ದಾರಿ ಸಿಗದೆ ಪಕ್ಕದ ತೊಗಲನ್ನೇ ಚುಚ್ಚುತ್ತದೆ. ಅದರಿಂದ ಎದ್ದದ್ದೇ ಗುಳ್ಳೆ. ಎರಡು ಮೂರು ಅಲಗಿನ ರೇಜರಿನಲ್ಲಿ ಮೊದಲ ಅಲಗು ಎಳೆದದ್ದನ್ನು ಎರಡನೆಯದು ಇನ್ನೂ ಕೆಳಗೆ ಕತ್ತರಿಸುತ್ತದೆ. ಗುಳ್ಳೆ ಏಳುವ ಮೈಯವರಿಗೆ ಒಂಟಿ ಅಲಗಿನ ಹಳೆಯ ರೇಜರೇ ವಾಸಿ ಎನ್ನುವುದು ಇದೇ ಕಾರಣಕ್ಕೆ. ಗುಳ್ಳೆಯನ್ನು ಉಗುರಿನಿಂದ ಕೆದಕಬಾರದು. ಕೀವು ಕಟ್ಟಿದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು.

ಅಂಗಡಿಯಲ್ಲಿ "ಸಿಂಗಲ್ಲೋ ಡಬಲ್ಲೋ?" ಎಂದು ಕೇಳುವುದುಂಟು. ಡಬಲ್ ಎಂದರೆ ಎರಡನೇ ಸಲ ನೊರೆ ಹಚ್ಚಿ ಮತ್ತೊಮ್ಮೆ ಎಳೆಯುವುದು. ಈ ಎರಡನೇ ನೊರೆಯೇ ಮುಖ್ಯ. ಮನೆಯಲ್ಲಿ ಹುಡುಗರು ನೊರೆ ಹೋದ ಜಾಗಕ್ಕೇ ಮತ್ತೆ ಮತ್ತೆ ರೇಜರ್ ಆಡಿಸುತ್ತಾರೆ. ಕಲಿಯುವ ಆರು ತಿಂಗಳು ಸಿಂಗಲ್ಲೇ ಸಾಕು. ಸವರಿದರೆ ಸ್ವಲ್ಪ ಗರಗರ ಉಳಿದಿರಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಸೇಫ್ಟಿ ಎನ್ನುವ ಹೆಸರು ಹುಡುಗರನ್ನು ಮೋಸಗೊಳಿಸುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ವ್ಯಾಪಾರಿ ಬಳಸಿ ಬಿಸಾಡುವ ತೆಳು ಬ್ಲೇಡಿನ ರೇಜರನ್ನು ಮಾರಾಟಕ್ಕೆ ತಂದ 1903ರಲ್ಲಿ ಖರ್ಚಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರ್ ಮಾರಾಟ 90,000 ದಾಟಿತು. ಜನ ಅಷ್ಟು ಬೇಗ ಅದನ್ನು ಹಿಡಿದದ್ದು ಕೈಯಲ್ಲಿ ಬರಿಗತ್ತಿ ಹಿಡಿಯುವ ಭಯ ಹೋದದ್ದಕ್ಕೆ. ಅಲಗಿನ ಕೆಳಗಿನ ಆ ಹಲ್ಲಿನ ಪಟ್ಟಿ ಕಾಯುವುದು ಆಳದ ಗಾಯದಿಂದ. ಕೈ ಭಾರ ಹಾಕಿದರೆ ಉರಿಯಿಂದ ಅದು ಕಾಯಲಾರದು. ರೇಜರಿಗೆ ಅದರದೇ ತೂಕ ಇದೆ, ಅಷ್ಟೇ ಸಾಕು. ಹಿಡಿಕೆಯನ್ನು ಬೆರಳ ತುದಿಯಲ್ಲಿ ಹಿಡಿಯಬೇಕು. ಮುಷ್ಟಿಯಲ್ಲಿ ಹಿಡಿದರೆ ತೋಳಿನ ಬಲವೆಲ್ಲ ಗಲ್ಲದ ಮೇಲೆ ಬೀಳುತ್ತದೆ. ಮೊದಲು ಮುಚ್ಚಳವನ್ನಷ್ಟೇ ಗಲ್ಲಕ್ಕೆ ತಾಗಿಸಿ, ಹಿಡಿಕೆಯನ್ನು ನಿಧಾನ ಇಳಿಸುತ್ತ ಬಂದರೆ ಅಲಗು ಕೂದಲಿಗೆ ತಾಗುವ ಒಂದು ಕೋನ ಸಿಗುತ್ತದೆ, ಸುಮಾರು 30 ಡಿಗ್ರಿ. ಅಲ್ಲಿಂದ ಅರ್ಧರ್ಧ ಬೆರಳುದ್ದ ಎಳೆದು, ತೊಳೆದು, ಮತ್ತೆ ಎಳೆಯಬೇಕು. ಮಣಿಕಟ್ಟು ಬಗ್ಗಿಸಬಾರದು.

ಇನ್ನು ಬ್ಲೇಡಿನ ಮಾತು. ಉಕ್ಕು ಗಟ್ಟಿ, ಕೂದಲು ಮೆತ್ತಗೆ, ಬ್ಲೇಡು ತಿಂಗಳುಗಟ್ಟಲೆ ಬಂದೀತು ಎಂದುಕೊಳ್ಳುತ್ತೇವೆ. ಅಮೆರಿಕದ ಎಂಐಟಿಯ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ 2020ರಲ್ಲಿ ಪ್ರಕಟಿಸಿದರು. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲೇ, ಓರೆಯಾಗಿ ಬಾಗಿ ತಾಗಿದಾಗ, ಅಲಗಿನ ಅಂಚಿನಿಂದ ಸಣ್ಣ ಚಕ್ಕೆ ಎಬ್ಬಿಸುತ್ತದೆ. ಹಾಗೆ ಮುಕ್ಕಾದ ಅಲಗು ಕತ್ತರಿಸುವುದಕ್ಕಿಂತ ಎಳೆಯುವುದೇ ಹೆಚ್ಚು. ಐದಾರು ಸಲಕ್ಕೆ ಬ್ಲೇಡು ಬದಲಿಸಬೇಕು. ಅದಕ್ಕೂ ಮೊದಲೇ ಕೂದಲು ಚಿವುಟಿದಂತಾದರೆ ಆಗಲೇ ಬದಲಿಸಬೇಕು. ಅಲಗನ್ನು ಟವೆಲಿನಿಂದ ಒರೆಸಬಾರದು. ಒಬ್ಬರ ಬ್ಲೇಡು ಇನ್ನೊಬ್ಬರು ಮುಟ್ಟಬಾರದು, ಅಣ್ಣತಮ್ಮಂದಿರಾದರೂ ಸರಿಯೇ. ಏಡ್ಸ್ ಕುರಿತ ತಿಳಿವಳಿಕೆ ಹಬ್ಬಿದ ಮೇಲೆ ಅಂಗಡಿಯವರು ಗಿರಾಕಿಯ ಕಣ್ಣೆದುರಿಗೇ ಹೊಸ ಬ್ಲೇಡು ಬಿಚ್ಚಿ ಅರ್ಧಕ್ಕೆ ಮುರಿದು ಕತ್ತಿಗೆ ಹಾಕುವುದು ರೂಢಿಯಾಯಿತು. ಮನೆಯಲ್ಲೂ ಆ ಎಚ್ಚರ ಬೇಕು. ಹಳೆಯ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಹಾಕಿದರೆ ಬೆಳಿಗ್ಗೆ ಗಾಡಿ ತರುವ ಪೌರಕಾರ್ಮಿಕರ ಕೈಗೆ ತಾಗುತ್ತದೆ. ಅಪ್ಪ ಒಂದು ಹಳೇ ಪೌಡರ್ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕುತ್ತಿದ್ದ. ಆ ಡಬ್ಬಿ ಇನ್ನೂ ತುಂಬಿಲ್ಲ.

ಗಡ್ಡವಾದ ಮೇಲೆ ತಣ್ಣೀರು. ಬಟ್ಟೆಯಿಂದ ತಿಕ್ಕದೆ ಒತ್ತಿ ಒರೆಸುವುದು. ಸಣ್ಣ ಗೀರು ಬಿದ್ದಿದ್ದರೆ ಒದ್ದೆ ಮಾಡಿದ ಸ್ಫಟಿಕದ ಹರಳು ಒತ್ತಿದರೆ ರಕ್ತ ನಿಲ್ಲುತ್ತದೆ. ಅದನ್ನೂ ಒಂದು ನಿಮಿಷ ಬಿಟ್ಟು ತೊಳೆದುಬಿಡಬೇಕು. ಸ್ಪಿರಿಟ್ ಇರುವ ಘಮಘಮ ಲೋಷನ್ನು ಉರಿಯುವ ತೊಗಲನ್ನು ಇನ್ನಷ್ಟು ಒಣಗಿಸುತ್ತದೆ. ನಮ್ಮ ಬಿಸಿಲ ನಾಡಿನಲ್ಲಿ ಗಡ್ಡ ಮಾಡಿಕೊಂಡ ಕೂಡಲೇ ಬಿಸಿಲಿಗೆ ಹೋಗದಿರುವುದೂ ಒಳ್ಳೆಯದು, ಆದ್ದರಿಂದ ನನ್ನದು ರಾತ್ರಿ ಸ್ನಾನದ ಮೇಲೆ.

ಮುಂದಿನ ಬುಧವಾರದ ಹೊತ್ತಿಗೆ ಅಳಿಯನ ಕುತ್ತಿಗೆ ತಿಳಿಯಾಗಿತ್ತು. ಹಿತ್ತಲಲ್ಲಿ ಈಗ ಬೇವಿನ ಮರ ಇಲ್ಲ, ನೀರಿನ ಟಾಕಿಯ ಗೋಡೆಗೆ ಕನ್ನಡಿ ಒರಗಿಸಿದೆವು. ಅವನು ಟವೆಲು ಒತ್ತಿಕೊಂಡು ಮನಸ್ಸಿನಲ್ಲೇ ನೂರೈವತ್ತು ಎಣಿಸಿದ. ಬ್ರಷ್ಷನ್ನು ಸುತ್ತಿ ಸುತ್ತಿ ನೊರೆ ಕಟ್ಟಿದ. ಬಲಗಡೆಯ ಗಂಟಲಿಗೆ ಬಂದಾಗ ಕೈ ನಿಲ್ಲಿಸಿ, ಎಡಗೈಯ ಬೆರಳಿನಿಂದ ಒಮ್ಮೆ ಸವರಿ ದಿಕ್ಕು ನೋಡಿಕೊಂಡು, ರೇಜರನ್ನು ಅಡ್ಡಕ್ಕೆ ತಿರುಗಿಸಿದ. ಸರ್ ಸರ್ ಎಂದು ಸಣ್ಣಗೆ ಸದ್ದು ಬಂತು, ಒಣ ಜೋಳದ ಎಲೆ ಒಂದಕ್ಕೊಂದು ಸವರಿದ ಹಾಗೆ. ಅಪ್ಪನ ಕೈಯಲ್ಲೂ ಆ ರೇಜರ್ ಹೀಗೇ ಸದ್ದು ಮಾಡುತ್ತಿತ್ತು.

ಮುಖ ತೊಳೆದುಕೊಂಡು ಎದ್ದವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ಏನಾತು?" ಎಂದೆ.

"ಉರೀವಲ್ದು ಮಾವ," ಎಂದ.