ನಮ್ಮೂರಿನ ಪಾಠ ಯಾವ ಪುಸ್ತಕದಲ್ಲಿದೆ ಸಾರ್?

ಬರೆದು ತುಂಬಾ ದಿನಗಳಾದವು. ಪರೀಕ್ಷೆ, ವರದಿ, ಮೀಟಿಂಗು... ಶಾಲೆಯ ಕಥೆ ನಿಮಗೆ ಗೊತ್ತೇ ಇದೆ. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಏಳನೇ ತರಗತಿಯ ಒಬ್ಬ ಹುಡುಗಿ.

ಯೂರೋಪ್ ಖಂಡದ ನಕ್ಷೆ ತೋರಿಸುತ್ತಿದ್ದೆ. ರೈನ್ ನದಿ ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ ಉತ್ತರ ಸಮುದ್ರ ಸೇರುತ್ತದೆ ಎಂದು ಆಕೆ ಪಟಪಟ ಹೇಳಿದಳು. ಖುಷಿಯಾಗಿ, "ಹಾಗಾದರೆ ನಮ್ಮ ಹಗರಿ ಎಲ್ಲಿ ಹುಟ್ಟುತ್ತದಮ್ಮ?" ಎಂದೆ. ತರಗತಿಯೇ ಗಪ್‌ಚುಪ್! ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು, "ನಮ್ಮೂರಿನ ಪಾಠ ಯಾವ ಪುಸ್ತಕದಲ್ಲಿದೆ ಸಾರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಕಲಿಸುವ ಪುಸ್ತಕಗಳಲ್ಲಿ ರಾಯದುರ್ಗಕ್ಕೆ ಒಂದು ಪುಟವೂ ಇಲ್ಲ. ಕರ್ನಾಟಕದ ಪುಸ್ತಕದವರಿಗೆ ನಾವು ಆಂಧ್ರದವರು. ಇಲ್ಲಿಯವರಿಗೆ ನಾವು ಅಂಚಿನವರು. ಸರಿ, ಪುಸ್ತಕದಲ್ಲಿ ಇಲ್ಲದಿದ್ದರೆ ಬೆಟ್ಟದ ಮೇಲೆ ಇದೆ ಎಂದು ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕೋಟೆಗೆ ಹತ್ತಿಸಿದೆ.

ಕೆಳಗೆ ದಶಭುಜ ಗಣಪತಿಗೆ ಕೈಮುಗಿದು ಹೊರಟೆವು. ಮೇಲೆ ಹೋಗಿ ಕುಳಿತ ಮೇಲೆ ಪಾಠ ತಾನಾಗಿಯೇ ಶುರುವಾಯಿತು. ಪಶ್ಚಿಮಕ್ಕೆ ಕಾಣುವುದು ಮೊಳಕಾಲ್ಮೂರಿನ ಕಡೆಯ ಗುಡ್ಡಗಳು. ಅಲ್ಲಿ ಕರ್ನಾಟಕ. ಉತ್ತರಕ್ಕೆ ಹೋದರೆ ಬಳ್ಳಾರಿ, ಅಲ್ಲೂ ಕರ್ನಾಟಕ. ನಡುವೆ ನಾವು. "ಗೆರೆ ಎಲ್ಲಿದೆ ಸಾರ್?" ಎಂದು ಒಬ್ಬ ಹುಡುಗ ಹುಡುಕುತ್ತಲೇ ಇದ್ದ. ಪಾಪ, ಮೇಲಿನಿಂದ ನೋಡಿದರೆ ಗೆರೆ ಕಾಣುವುದಿಲ್ಲವಲ್ಲ!

ಮೊದಲು ಹಗರಿಯ ಕಥೆ ಹೇಳಿದೆ. ಅದರ ದೊಡ್ಡ ಹೆಸರು ವೇದಾವತಿ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಕಡೆ ವೇದಾ, ಅವತಿ ಎಂಬ ಎರಡು ಹಳ್ಳಗಳಾಗಿ ಹುಟ್ಟಿ, ಕೂಡಿ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಉಳಿದು ಬಂದರೆ ನಮ್ಮ ಗುಮ್ಮಗಟ್ಟ ಮಂಡಲದ ಭೈರವಾನಿತಿಪ್ಪ ಅಣೆಕಟ್ಟೆಗೆ ನೀರು. ಆಮೇಲೆ ಬಳ್ಳಾರಿ ಜಿಲ್ಲೆಗೆ ಹೋಗಿ ತುಂಗಭದ್ರೆ ಸೇರುತ್ತದೆ. ಅಂದರೆ ನಮ್ಮ ನದಿ ಕರ್ನಾಟಕದಲ್ಲಿ ಹುಟ್ಟಿ, ಆಂಧ್ರ ನೋಡಿಕೊಂಡು, ಮತ್ತೆ ಕರ್ನಾಟಕಕ್ಕೇ ಹೋಗುತ್ತದೆ! ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಹೀಗಿರುವಾಗ ಕೆಳಗಿನ ನಮ್ಮ ಹೊಳೆಯಲ್ಲಿ ನೀರಿಗಿಂತ ಮರಳು ಜಾಸ್ತಿ ಇರುವುದರಲ್ಲಿ ಆಶ್ಚರ್ಯವೇನು? ಬೊಮ್ಮನಹಾಳ, ಕಣೇಕಲ್ಲು ಕಡೆ ಆ ಮರಳು ಗಾಳಿಗೆ ಎದ್ದು ದಿಬ್ಬಗಳಾಗಿ ಹೊಲಕ್ಕೆ ನುಗ್ಗುತ್ತದೆ. ರಾಜಸ್ಥಾನ ನೋಡಬೇಕಾದರೆ ದೂರ ಹೋಗಬೇಕಿಲ್ಲ ಎಂದು ನಗಾಡಿದೆವು. ನಗುವ ವಿಷಯವೇನೂ ಅಲ್ಲ.

ಆಮೇಲೆ ಚರಿತ್ರೆ. ಬೇಡರ ನಾಯಕರು, ವಿಜಯನಗರದವರು, ಪಾಳೆಯಗಾರರು, ಟಿಪ್ಪು, ನಿಜಾಮ... ಎಲ್ಲರೂ ಈ ಬೆಟ್ಟ ಬೇಕೆಂದವರೇ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅದಕ್ಕೇ ನಮ್ಮದನ್ನು 'ದತ್ತಮಂಡಲ' ಎಂದರು. ಮುಂದೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲೂಕಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಏಳು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಮೂರು ಆಂಧ್ರಕ್ಕೆ ಬಂದವು. ನಮ್ಮಜ್ಜಿ ಮಾತ್ರ ಕೊನೆಯವರೆಗೂ "ಜಿಲ್ಲೆಗೆ ಹೋಗಿ ಬರ್ತೀನಿ" ಎಂದರೆ ಬಳ್ಳಾರಿ ಬಸ್ಸೇ ಹತ್ತುತ್ತಿದ್ದಳು. ಅನಂತಪುರ ಅವಳ ಜಿಲ್ಲೆ ಆಗಲೇ ಇಲ್ಲ.

ನನ್ನ ಕೆಲಸದ ಮೊದಲ ವರ್ಷಗಳು ಕಳೆದದ್ದು ಮಡಕಶಿರಾ ಸೀಮೆಯಲ್ಲಿ. ಆ ಸೀಮೆಯ ನಕ್ಷೆ ನೋಡಿದ್ದೀರಾ? ಕರ್ನಾಟಕದೊಳಗೆ ಚಾಚಿದ ನಾಲಿಗೆಯ ಹಾಗಿದೆ. ಪಕ್ಕದ ಪಾವಗಡ ಇದಕ್ಕೆ ಉಲ್ಟಾ. ಅದು ಕರ್ನಾಟಕದ ತಾಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ಅಲ್ಲಿ ಮನೆಮನೆಯಲ್ಲಿ ತೆಲುಗು, ಇಲ್ಲಿ ಅಗಳಿ, ರೊಳ್ಳ, ಅಮರಾಪುರದಲ್ಲಿ ಕನ್ನಡ. ಅಮರಾಪುರದ ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳ ಕಪ್ಪು ಕಲ್ಲು ಮುಟ್ಟಿದರೆ ಕನ್ನಡಿಯ ಹಾಗೆ ನುಣುಪು. ಅಲ್ಲಿನ ಕೆಲವು ಕಂಬಗಳು ಈಗ ಚೆನ್ನೈ ಮ್ಯೂಸಿಯಂನಲ್ಲಿವೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ಒಂದೇ ಜಿಲ್ಲೆಯಲ್ಲಿದ್ದ ನಾವೂ ಎರಡಾದೆವು.

ಮಕ್ಕಳು ಇದನ್ನೆಲ್ಲ ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಆ ಹುಡುಗಿ ನಕ್ಷೆಯನ್ನೂ ಬಿಡಿಸಿದಳು. ಹಗರಿಗೆ ನೀಲಿ ಹಚ್ಚದೆ ಹಳದಿ ಹಚ್ಚಿದ್ದಳು. ಯಾಕಮ್ಮ ಎಂದರೆ, "ನಾನು ನೋಡಿದ್ದು ಮರಳೇ ಅಲ್ವಾ ಸಾರ್" ಎಂದಳು. ನೂರಕ್ಕೆ ನೂರು ಕೊಟ್ಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುವಾರ ಅವಳ ಅಪ್ಪ ಬಂದರು. ಜೀನ್ಸ್ ಪ್ಯಾಂಟು ಹೊಲಿಯುವವರು. ನಮ್ಮೂರಲ್ಲಿ ಎಷ್ಟೋ ಮನೆಗಳಿಗೆ ಅನ್ನ ಹಾಕುವುದು ಈ ಹೊಲಿಗೆ ಮಷೀನೇ. ಟಿ.ಸಿ. ಬೇಕೆಂದರು. ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರಂತೆ. ನಾನು ಮಾತೃಭಾಷೆಯ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಮೇಷ್ಟ್ರೇ, ತಮ್ಮ ಮಗ ಎಲ್ಲಿ ಓದ್ತಾನೆ?" ಎಂದರು.

ಸುಳ್ಳು ಹೇಳಲಾಗಲಿಲ್ಲ. ನನ್ನ ಮಗ ಇಂಗ್ಲಿಷ್ ಮಾಧ್ಯಮದಲ್ಲೇ ಇದ್ದಾನೆ. ಹತ್ತನೇ ತರಗತಿಯ ಮೇಲೆ ಕನ್ನಡದಲ್ಲಿ ಓದಬೇಕಾದರೆ ಗಡಿ ದಾಟಬೇಕು, ದಾಟಿದರೆ ಇಲ್ಲಿನ ನೌಕರಿಗೆ ಲೋಕಲ್ ಆಗುತ್ತಾನೋ ಇಲ್ಲವೋ ಎಂಬ ಭಯ. ಅವರ ಭಯವೂ ಅದೇ. "ಅಲ್ಲೇ" ಎಂದೆ. ಅವರು ನಗಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಟಿ.ಸಿ. ಬರೆದುಕೊಟ್ಟೆ.

ಹೋಗುವಾಗ ಹುಡುಗಿ ನಕ್ಷೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅದನ್ನು ತರಗತಿಯ ಗೋಡೆಗೆ ಅಂಟಿಸಿದ್ದೇನೆ, ಯೂರೋಪಿನ ಪಕ್ಕದಲ್ಲೇ. ಮನೆಯಲ್ಲಿ ಈಗ ಪ್ರತಿ ಸಂಜೆ ಮಗನನ್ನು ಕೂರಿಸಿಕೊಂಡು ಕನ್ನಡ ಓದಿಸುತ್ತಿದ್ದೇನೆ. ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಮುಂದಿನ ಭಾನುವಾರ ಅವನನ್ನೂ ಬೆಟ್ಟ ಹತ್ತಿಸಬೇಕು.

ಗಡಿ ಭಾಗದ ಶಿಕ್ಷಕ ಮಿತ್ರರೇ, ನಿಮ್ಮೂರಿನ ಪಾಠವನ್ನೂ ಯಾರೂ ಬರೆದಿರಲಿಕ್ಕಿಲ್ಲ. ನೀವೇ ಬರೆಯಿರಿ, ಮಕ್ಕಳಿಂದ ಬರೆಸಿರಿ. ನಮಗೂ ಕಳಿಸಿ, ಇಲ್ಲಿನ ಮಕ್ಕಳಿಗೆ ಓದಿ ಹೇಳುತ್ತೇನೆ.