ಜೋರ್ಡನ್ ಯಾರ ಕಡೆ?

2011ರ ಜುಲೈ 1ರಂದು ಅಮೆರಿಕದ ಎನ್‌ಬಿಎ ತಂಡಗಳ ಮಾಲೀಕರು ಲಾಕೌಟ್ ಘೋಷಿಸಿದರು. ಆಟಗಾರರು ಮುಷ್ಕರ ಹೂಡಿರಲಿಲ್ಲ. ಬಾಗಿಲು ಹಾಕಿದವರು ಧಣಿಗಳೇ. ಬ್ಯಾಸ್ಕೆಟ್‌ಬಾಲಿನ ವರಮಾನದಲ್ಲಿ ನೂರಕ್ಕೆ 57 ಪಾಲು ಆಟಗಾರರಿಗೆ ಹೋಗುತ್ತಿತ್ತು. ಅದನ್ನು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಸಬೇಕೆಂಬುದು ತಕರಾರು. ಲೀಗಿನ ಜಾಲತಾಣದಿಂದ ಹಾಲಿ ಆಟಗಾರರ ಚಿತ್ರಗಳೆಲ್ಲ ರಾತ್ರೋರಾತ್ರಿ ಮಾಯವಾದವು. ಹಾಲಿಗಳು ಮರೆಯಾದ ಮೇಲೆ ಮಾಜಿಗಳದೇ ದರ್ಬಾರು.

ಆಗ ನಾನು ಷಿಕಾಗೊದಲ್ಲಿದ್ದೆ. ಆ ಊರಿನಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು ಎಂದು ಕೇಳುವುದೇ ಒಂದು ಅಧಿಕಪ್ರಸಂಗ. ಊರಿನ ಬುಲ್ಸ್ ತಂಡ ಆಡುವ ಯುನೈಟೆಡ್ ಸೆಂಟರಿನ ಮುಂದೆ ಮೈಕೆಲ್ ಜೋರ್ಡನ್ನರ ಕಂಚಿನ ಪ್ರತಿಮೆ 1994ರಿಂದಲೂ ನೆಗೆದುಕೊಂಡೇ ನಿಂತಿತ್ತು. ಆದರೂ ಕೇಳುತ್ತಿದ್ದರು. ಚಂದ್ರಶೇಖರ್ ದೊಡ್ಡವರೋ ಕುಂಬ್ಳೆ ದೊಡ್ಡವರೋ ಎಂದು ವಾದಿಸುತ್ತ ಕಾಫಿ ಆರಿಸಿಕೊಂಡವರಿಗೆ ಈ ಕಾಯಿಲೆ ಹೊಸದಲ್ಲ.

ನಾನು ತಲೆಗೊಡುತ್ತಿದ್ದ ಕಟಿಂಗ್ ಷಾಪಿನಲ್ಲಿ ಕಾಯಿಲೆ ಉಲ್ಬಣಿಸಿತ್ತು. ಅಂಗಡಿಯವ ಜೋರ್ಡನ್ ಭಕ್ತ. ಕೂದಲು ಕತ್ತರಿಸಿಕೊಳ್ಳಲು ಏನೂ ಉಳಿದಿರದ ಹಿರಿಯರೊಬ್ಬರು ಮಾತಿಗೆಂದೇ ಬಂದು ಕೂರುತ್ತಿದ್ದರು. ಅವರದು ವಿಲ್ಟ್ ಚೇಂಬರ್ಲಿನ್ ಪಕ್ಷ. ಕಾಲೇಜು ಹುಡುಗನೊಬ್ಬ ಲೆಬ್ರಾನ್ ಹೆಸರೆತ್ತಿದ. ಆ ಜೂನ್‌ನಲ್ಲಷ್ಟೇ ಫೈನಲ್ಸಿನಲ್ಲಿ ಲೆಬ್ರಾನರ ಮಯಾಮಿ ತಂಡ ಡಲ್ಲಾಸಿಗೆ ಸೋತಿತ್ತು, ನಾಲ್ಕನೇ ಪಂದ್ಯದಲ್ಲಿ ಅವರು ಗಳಿಸಿದ್ದು ಬರೀ 8 ಅಂಕ. ಅಂಗಡಿಯವ ಮೆಷಿನ್ ಆರಿಸಿ, ಅದನ್ನೇ ಹುಡುಗನತ್ತ ಚಾಚಿ, ಜೋರ್ಡನ್ ಆಡಿದ ಆರು ಫೈನಲ್ಸನ್ನೂ ಒಂದೊಂದಾಗಿ ಒಪ್ಪಿಸತೊಡಗಿದ. ಆರಕ್ಕೆ ಆರೂ ಗೆಲುವು. ಅಷ್ಟು ಹೊತ್ತೂ ನಾನು ಎಡಗಡೆ ಮಾತ್ರ ಕ್ಷೌರವಾದ ತಲೆಯಲ್ಲಿ ಕನ್ನಡಿ ನೋಡುತ್ತ ಕುಳಿತಿದ್ದೆ.

"ನೂರು ಹೊಡೆದಿದ್ದಾನೇನು ನಿನ್ನ ಜೋರ್ಡನ್?" ಎಂದರು ಹಿರಿಯರು.

"ಆ ನೂರನ್ನು ನೀವು ನೋಡಿದ್ದೀರಾ?"

ನೋಡಿರಲಿಲ್ಲ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ವಿಲ್ಟ್ 100 ಅಂಕ ಗಳಿಸಿದ ಪಂದ್ಯ ಟಿವಿಯಲ್ಲಿ ಬರಲಿಲ್ಲ. ಉಳಿದಿರುವುದು ರೇಡಿಯೊದ ಒಂದು ತುಣುಕು, ಮತ್ತೆ 100 ಎಂದು ಬರೆದ ಕಾಗದ ಹಿಡಿದ ವಿಲ್ಟರ ಫೋಟೊ. ಬಿಲ್ ರಸೆಲ್ ಅವರ ಪಾಡು ಇನ್ನೂ ಕಷ್ಟ. ಹದಿಮೂರು ವರ್ಷದಲ್ಲಿ ಹನ್ನೊಂದು ಪ್ರಶಸ್ತಿ ಗೆಲ್ಲಿಸಿದರು. ಆದರೆ ಅವರು ಗಾಳಿಯಲ್ಲೇ ತಡೆದ ಚೆಂಡುಗಳ ಲೆಕ್ಕ ಯಾರೂ ಇಡಲಿಲ್ಲ. ಬ್ಲಾಕ್ ಎಣಿಸಲು ಶುರುವಾದದ್ದು 1973ರಲ್ಲಿ, ಅವರು ನಿವೃತ್ತರಾಗಿ ನಾಲ್ಕು ವರ್ಷದ ಮೇಲೆ. ಮೂರು ಅಂಕದ ಗೆರೆ ಬಂದದ್ದು 1979ರಲ್ಲಿ. ಹೀಗೆ ಅಂಕಿಅಂಶ ಹಿಡಿದು ಜಗಳವಾಡಬಹುದೇ ಹೊರತು ಬಗೆಹರಿಸಲಾಗದು. ಅಭಿಮಾನಿಗೆ ಬೇಕಾದದ್ದೂ ಅಷ್ಟೇ.

ನನಗೆ ಸೋಜಿಗವೆನಿಸಿದ್ದು ಬೇರೆ. ನಾವು ಇಷ್ಟೆಲ್ಲ ಕಿತ್ತಾಡುತ್ತಿದ್ದಾಗ ಸ್ವತಃ ಜೋರ್ಡನ್ ಎಲ್ಲಿದ್ದರು? ಬೀಗ ಹಾಕಿದವರ ಪಾಳಯದಲ್ಲಿ. 2010ರಲ್ಲಿ ಷಾರ್ಲಟ್ ಬಾಬ್‌ಕ್ಯಾಟ್ಸ್ ತಂಡವನ್ನು ಕೊಂಡು ಮಾಲೀಕರಾಗಿದ್ದರು. ಆಟಗಾರರ ಪಾಲನ್ನು ಇನ್ನಷ್ಟು ಕತ್ತರಿಸಿ ಎನ್ನುವ ಬಿಗಿಪಟ್ಟಿನ ಗುಂಪಿನಲ್ಲಿ ಅವರೂ ಇದ್ದಾರೆಂದು ಪತ್ರಿಕೆಗಳು ಬರೆದವು. 1998ರ ಲಾಕೌಟಿನಲ್ಲಿ ಇದೇ ಜೋರ್ಡನ್ ಆಟಗಾರರ ಕಡೆ ಕುಳಿತು, ನಷ್ಟ ನಷ್ಟ ಎನ್ನುತ್ತಿದ್ದ ವಾಷಿಂಗ್ಟನ್ ತಂಡದ ಮಾಲೀಕ ಏಬ್ ಪೊಲಿನ್‌ಗೆ, ನಡೆಸಲಾಗದಿದ್ದರೆ ತಂಡ ಮಾರಿಬಿಡಿ ಎಂದಿದ್ದರಂತೆ. ಕುರ್ಚಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎನ್ನಿ. ಇದನ್ನು ನಾನು ಅಂಗಡಿಯಲ್ಲಿ ಎತ್ತಿದೆ. ಅಂಗಡಿಯವ ಮಾತು ಕೇಳಿಸದವನಂತೆ ನನ್ನ ಬಲಗಡೆಗೆ ಮೆಷಿನ್ ಹಚ್ಚಿದ. ಹಿರಿಯರು ಮಾತ್ರ ಕುರ್ಚಿ ಹತ್ತಿರಕ್ಕೆಳೆದುಕೊಂಡರು.

ಅವರು ಹೇಳಿದ್ದು 1964ರ ಜನವರಿ 14ರ ಬಾಸ್ಟನ್ ಸಂಗತಿ. ಆಲ್‌ಸ್ಟಾರ್ ಪಂದ್ಯ, ಟಿವಿ ಕ್ಯಾಮೆರಾ ಸಿದ್ಧ, ಜನ ಸೇರಿದ್ದಾರೆ. ಡ್ರೆಸಿಂಗ್ ರೂಮಿನಿಂದ ಆಟಗಾರರು ಹೊರಗೆ ಬರಲೊಲ್ಲರು. ಪಿಂಚಣಿಯ ಮಾತು ಕೊಡದೆ ಆಡುವುದಿಲ್ಲವೆಂದರು. ಒಳಗಿದ್ದವರು ರಸೆಲ್, ವಿಲ್ಟ್, ಆಸ್ಕರ್ ರಾಬರ್ಟ್‌ಸನ್, ಎಲ್ಜಿನ್ ಬೇಲರ್, ಜೆರ್ರಿ ವೆಸ್ಟ್. ಯಾರು ಶ್ರೇಷ್ಠ ಎಂದು ನಾವು ಅರ್ಧ ಶತಮಾನದಿಂದ ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗುತ್ತಿರುವವರೆಲ್ಲ ಅವತ್ತು ಒಂದೇ ಬಾಗಿಲ ಹಿಂದೆ, ಒಂದೇ ಮಾತಿಗೆ ಅಂಟಿಕೊಂಡು ಕೂತಿದ್ದರು. ಲೀಗಿನ ಮುಖ್ಯಸ್ಥ ವಾಲ್ಟರ್ ಕೆನಡಿ ಮಾತು ಕೊಟ್ಟ ಮೇಲೇ ಆಟ ಶುರು. ಮುಂದೆ 1970ರಲ್ಲಿ ರಾಬರ್ಟ್‌ಸನ್ ಹೆಸರಿನಲ್ಲಿ ಆಟಗಾರರು ಲೀಗಿನ ಮೇಲೆ ದಾವೆ ಹೂಡಿದರು. 1976ರಲ್ಲಿ ರಾಜಿಯಾಗಿ, ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋಗುವ ದಾರಿ ತೆರೆಯಿತು. ಲೆಬ್ರಾನ್ 2010ರಲ್ಲಿ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋದದ್ದೂ ಅದೇ ದಾರಿಯಲ್ಲಿ. ರಾಬರ್ಟ್‌ಸನ್ ಅವರ ಒಂದೇ ಪಂದ್ಯದಲ್ಲಿ ಮೂರು ಬಾಬತ್ತಿನಲ್ಲಿ ಎರಡಂಕಿ ಮುಟ್ಟಿದ ಟ್ರಿಪಲ್ ಡಬಲ್‌ಗಳನ್ನು ಎಣಿಸುವವರು ಈ ದಾವೆಯನ್ನೂ ಅವರ ಖಾತೆಗೆ ಜಮಾ ಮಾಡಬೇಕೆಂದು ನನ್ನ ಹಟ. ಹುಡುಗ ಒಪ್ಪಲಿಲ್ಲ. ಕೋರ್ಟು ಬೇರೆ, ಕೋರ್ಟು ಬೇರೆ ಎಂದ.

ಡಿಸೆಂಬರ್ 8ಕ್ಕೆ ಲಾಕೌಟ್ ಮುಗಿಯಿತು. ಕ್ರಿಸ್ಮಸ್ ದಿನ ಷಿಕಾಗೊ ಬುಲ್ಸ್ ಲಾಸ್ ಏಂಜಲಿಸಿನಲ್ಲಿ ಲೇಕರ್ಸನ್ನು 88–87ರಿಂದ ಸೋಲಿಸಿತು. ಕೊನೆಯ ಬುಟ್ಟಿ ನಮ್ಮೂರ ಹುಡುಗ ಡೆರಿಕ್ ರೋಸ್‌ನದು. ಶ್ರೇಷ್ಠರ ಪಟ್ಟಿಗೆ ಅವನನ್ನೂ ಸೇರಿಸುವ ಆತುರ ಊರಿಗೆಲ್ಲ ಹತ್ತಿತು. 82 ಪಂದ್ಯಗಳ ಋತು 66ಕ್ಕೆ ಇಳಿದಿತ್ತು ನಿಜ, ಆದರೆ ಅಷ್ಟನ್ನೂ ನಾಲ್ಕು ತಿಂಗಳಲ್ಲಿ ತುರುಕಿದ್ದರು. 2012ರ ಏಪ್ರಿಲ್ 28ರಂದು, ಪ್ಲೇಆಫಿನ ಮೊದಲ ಪಂದ್ಯದಲ್ಲಿ, ಗೆಲುವು ಕೈಯಲ್ಲಿದ್ದಾಗಲೇ ರೋಸ್‌ನ ಎಡಮೊಣಕಾಲಿನ ಲಿಗಮೆಂಟ್ ಹರಿಯಿತು. ಎಡೆಬಿಡದ ಆ ಓಟವೇ ಕಾರಣವೆಂದು ಕೆಲವರು, ಮಂಡಿಗೆ ಕ್ಯಾಲೆಂಡರ್ ಗೊತ್ತಿಲ್ಲ ಎಂದು ಕೆಲವರು. ವಿಲ್ಟ್ ಪಕ್ಷದ ಹಿರಿಯರ ಬಳಿ ಇದಕ್ಕೂ ಒಂದು ಅಂಕಿ ಇತ್ತು: 1961–62ರ ಋತುವಿನಲ್ಲಿ ಅವರ ವಿಲ್ಟ್ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದ್ದ. ಪಂದ್ಯ ಇರುವುದೇ 48 ನಿಮಿಷ.